ಬೆಚ್ಚನೆಯ ಮರದ ಪರಿಮಳ: ಮಸಾಲೆಗೆ ಮನಸೋಲುವ ಮುನ್ನ ಮರವನ್ನು ಆರಿಸಿ

ಸುಗಂಧದ್ರವ್ಯದ ಅಂಗಡಿಗೆ ಹೋಗಿ ‘ಬೆಚ್ಚಗಿರಬೇಕು, ಸ್ವಲ್ಪ ಮಸಾಲೆ ಇರಬೇಕು, ಮರದ ಘಮ ಇರಬೇಕು’ ಎಂದು ಕೇಳಿದರೆ ಮಾರುವವರು ಐದಾರು ಬಾಟಲಿ ತೆಗೆದು ಒಂದೊಂದು ಕಾಗದದ ಪಟ್ಟಿಗೆ ಸಿಂಪಡಿಸಿ ಕೈಗೆ ಕೊಡುತ್ತಾರೆ. ಒಂದರಲ್ಲಿ ಚಕ್ಕೆ, ಇನ್ನೊಂದರಲ್ಲಿ ಏಲಕ್ಕಿ, ಮತ್ತೊಂದರಲ್ಲಿ ಲವಂಗ. ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಹತ್ತು ನಿಮಿಷದೊಳಗೆ ಯಾವುದೋ ಒಂದು ಮನಸ್ಸಿಗೆ ಹಿಡಿಸುತ್ತದೆ, ಬಿಲ್ ಆಗುತ್ತದೆ.

ನಾನು ಮೊದಲ ದುಬಾರಿ ಬಾಟಲಿ ಕೊಂಡದ್ದು ಹೀಗೆಯೇ. ಪಟ್ಟಿಯಿಂದ ಎದ್ದ ಚಕ್ಕೆಯ ಘಾಟು ಆಗತಾನೆ ಮಸಾಲೆ ಹುರಿದ ಅಡುಗೆಮನೆಯ ಹಾಗಿತ್ತು. ಮೂರು ಗಂಟೆ ಕಳೆಯುವಷ್ಟರಲ್ಲಿ ಆ ಚಕ್ಕೆ ಎಲ್ಲಿ ಹೋಯಿತೋ, ಅಂಗಿಯ ಮೇಲೆ ಉಳಿದದ್ದು ಅಂಟಂಟು ಸಿಹಿ ಮತ್ತು ಅದರ ಹಿಂದೆ ಒಣಗಿದ ಹಲಗೆಯಂಥ ಒಂದು ವಾಸನೆ. ಇಷ್ಟಪಟ್ಟು ಕೊಂಡದ್ದು ಒಂದನ್ನು, ದಿನವಿಡೀ ಹೊತ್ತು ತಿರುಗಿದ್ದು ಇನ್ನೊಂದನ್ನು. ಆ ಬಾಟಲಿ ಅರ್ಧಕ್ಕೇ ನಿಂತಿತು. ಅಂದಿನಿಂದ ಈ ಜಾತಿಯ ಸುಗಂಧ ಕೊಳ್ಳುವವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಮೊದಲು ಮರವನ್ನು ಆರಿಸಿ, ಮಸಾಲೆಯ ಆಯ್ಕೆ ಆಮೇಲೆ ಇರಲಿ.

ಇದು ಬರಿಯ ರುಚಿಯ ಮಾತಲ್ಲ, ಹಿಂದೆ ಲೆಕ್ಕವಿದೆ. ಏಲಕ್ಕಿಗೆ ತಂಪು ಕೊಡುವ ಸಿನಿಯೋಲ್ ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಲವಂಗದ ಜೀವಾಳವಾದ ಯೂಜೆನಾಲ್ 254ರ ಹತ್ತಿರ. ಶ್ರೀಗಂಧದ ಸ್ಯಾಂಟಲಾಲ್ ಕುದಿಯಲು 300 ಡಿಗ್ರಿ ದಾಟಬೇಕು. ಮೈಮೇಲೆ ಏನೂ ಕುದಿಯುವುದಿಲ್ಲ, ನಿಜ. ಆದರೆ ಯಾವುದು ಬೇಗ ಆರಿಹೋಗುತ್ತದೆ, ಯಾವುದು ಹಿಡಿದು ನಿಲ್ಲುತ್ತದೆ ಎಂಬ ಸಾಲು ಹೆಚ್ಚುಕಡಿಮೆ ಇದೇ. ಏಲಕ್ಕಿ, ಕೊತ್ತಂಬರಿ ಬೀಜ, ಕಾಳುಮೆಣಸು ಮೊದಲು ಹೊರಡುತ್ತವೆ. ಚಕ್ಕೆ, ಲವಂಗ ಮಧ್ಯದವರೆಗೂ ಜೊತೆಗಿರುತ್ತವೆ. ಸಂಜೆ ಮನೆಗೆ ಬಂದು ಅಂಗಿ ಬಿಚ್ಚುವಾಗ ಸಿಗುವುದು ಮರ.

ಇನ್ನು ‘ಬೆಚ್ಚನೆ’ ಎಂಬುದು ಎಲ್ಲಿಂದ ಬರುತ್ತದೆ? ಮಸಾಲೆಯಿಂದ ಎಂದು ಬಹಳ ಜನ ತಿಳಿಯುತ್ತಾರೆ. ಅದರಲ್ಲಿ ಅರ್ಧ ಮಾತ್ರ ನಿಜ. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ ಆವಿಯಾಗುವ ವಸ್ತುವಲ್ಲ, ಹಾಗಾಗಿ ಹಬೆಯಲ್ಲಿ ಭಟ್ಟಿ ಇಳಿಸಿದ ಮೆಣಸಿನ ಎಣ್ಣೆಗೆ ಅದು ಬರುವುದೇ ಇಲ್ಲ. ಆ ಎಣ್ಣೆಯನ್ನು ಮೂಸಿದರೆ ಸಿಗುವುದು ಒಣ ಕಟ್ಟಿಗೆ, ಸ್ವಲ್ಪ ನಿಂಬೆ, ತುಸು ದೂಳು. ಖಾರ ಇಲ್ಲ, ಬಿಸಿಯೂ ಇಲ್ಲ. ಏಲಕ್ಕಿಯಂತೂ ತಂಪಿನ ಕಡೆಗೇ ಸೇರಿದ್ದು. ನಿಜವಾದ ಬೆಚ್ಚಗೆ ಬರುವುದು ಬಾಟಲಿಯ ತಳದಲ್ಲಿರುವ ಅಂಟು ಮತ್ತು ಸಿಹಿಯಿಂದ: ಸಾಂಬ್ರಾಣಿ, ವೆನಿಲ್ಲಾ, ಒಂದು ಗಿಡದ ಅಂಟಾದ ಲ್ಯಾಬ್ಡಾನಮ್. ಶುಕ್ರವಾರ ಸಂಜೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದಾಗ ಕೋಣೆಯ ಗಾಳಿ ದಪ್ಪವಾಗುತ್ತದಲ್ಲ, ಅದೇ ಭಾವ. ಅಂಗಡಿಯವರು ‘ಆಂಬರ್’ ಎಂದು ಹೇಳಿದರೆ ಬಹುಮಟ್ಟಿಗೆ ಈ ಕೂಟವನ್ನೇ ಹೇಳುತ್ತಿದ್ದಾರೆ ಎಂದು ತಿಳಿಯಿರಿ. ಅದು ಹೆಚ್ಚಾದಷ್ಟೂ ಮರ ಮರೆಯಾಗುತ್ತದೆ. ನನಗೆ ಆಂಬರ್ ಕಡಿಮೆ ಇರುವುದೇ ಇಷ್ಟ; ಸಿಹಿ ಇಷ್ಟಪಡುವವರು ಇಲ್ಲಿ ನನ್ನ ಮಾತನ್ನು ಅಷ್ಟು ತೂಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಶ್ರೀಗಂಧ

ಸಾಣೆಕಲ್ಲಿನ ಮೇಲೆ ಗಂಧ ತೇಯುವುದನ್ನು ಒಮ್ಮೆ ಹತ್ತಿರ ಕುಳಿತು ನೋಡಿ. ಒಣ ಕೊರಡನ್ನು ಮೂಸಿದರೆ ಹೆಚ್ಚೇನೂ ಸಿಗುವುದಿಲ್ಲ. ನಾಲ್ಕು ಹನಿ ನೀರು ಹಾಕಿ ಸುತ್ತಲೂ ಉಜ್ಜುತ್ತ ಹೋದಂತೆ ಕಲ್ಲಿನ ಮೇಲೆ ಕೆನೆಬಣ್ಣದ ತೆಳು ಗಂಧ ಕೂಡುತ್ತದೆ. ಆಗಲೂ ಪರಿಮಳ ಎದ್ದು ಬಂದು ಮೂಗಿಗೆ ಬಡಿಯುವುದಿಲ್ಲ. ಕಾಯಿಸಿ ಆರಿಸಿದ ಹಾಲಿನ ಹಾಗೆ, ಮೆಲ್ಲಗೆ, ಒಂದು ಚೂರು ಹುಳಿಯೊಂದಿಗೆ ಬರುತ್ತದೆ. ಹಣೆಗೆ ಹಚ್ಚಿದ ಗಂಧ ಒಣಗಿ ಬಿರುಕು ಬಿಟ್ಟ ಮೇಲೂ ಅದು ಇರುತ್ತದೆ. ಈ ತಾಳ್ಮೆಯೇ ಶ್ರೀಗಂಧದ ಗುಣ. ಅಂಗಡಿಯ ಹತ್ತು ನಿಮಿಷದ ಸ್ಪರ್ಧೆಯಲ್ಲಿ ಅದು ಸೋಲುವುದೂ ಇದೇ ಗುಣದಿಂದ.

ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಕೊರಡು ಸಾಗಿಸುವ ದಾರಿ ಮುಚ್ಚಿಹೋದಾಗ ಮೈಸೂರು ಸಂಸ್ಥಾನದಲ್ಲಿ ಕೊರಡುಗಳು ರಾಶಿ ಬಿದ್ದವು. ಹಾಗಾದರೆ ಎಣ್ಣೆಯನ್ನು ಇಲ್ಲೇ ತೆಗೆಯೋಣ ಎಂದು 1916ರಲ್ಲಿ ಸಂಸ್ಥಾನವೇ ಆ ಕೆಲಸಕ್ಕೆ ಕೈಹಾಕಿತು. ಎರಡು ವರ್ಷದಲ್ಲಿ, 1918ರಲ್ಲಿ, ಅದೇ ಎಣ್ಣೆಯಿಂದ ಮೈಸೂರು ಸ್ಯಾಂಡಲ್ ಸೋಪು ಬಂತು. ‘ಮೈಸೂರು’ ಎಂಬ ಹೆಸರು ಪ್ಯಾರಿಸ್ಸಿನ ಸುಗಂಧ ತಯಾರಕರ ಬಾಯಲ್ಲಿ ಒಂದು ದರ್ಜೆಯ ಹೆಸರಾಗಿಯೇ ಉಳಿದಿದೆ. ಆ ಎಣ್ಣೆಯಲ್ಲಿ ಎರಡು ಬಗೆಯ ಸ್ಯಾಂಟಲಾಲ್ ಸೇರಿ ಅರ್ಧಕ್ಕಿಂತ ಹೆಚ್ಚು ಪಾಲು ಇರುತ್ತದೆ, ಹಾಲಿನ ನಯ ಬರುವುದು ಅದರಿಂದ. ಮರ ಬೇರೆ ಗಿಡಗಳ ಬೇರಿನಿಂದ ಆಹಾರ ಹೀರಿ ಬೆಳೆಯುವಂಥದ್ದು, ಚೇಗಿನಲ್ಲಿ ಒಳ್ಳೆಯ ಎಣ್ಣೆ ಕೂಡಲು ಹದಿನೈದು ಇಪ್ಪತ್ತು ವರ್ಷವಾದರೂ ಬೇಕು.

ಅದಕ್ಕೇ ಬೆಲೆಯ ಲೆಕ್ಕವನ್ನು ಸರಳವಾಗಿ ಇಟ್ಟುಕೊಳ್ಳಿ. ಅಪ್ಪಟ ಶ್ರೀಗಂಧದ ಎಣ್ಣೆಗೆ ಕಿಲೋಗೆ ಲಕ್ಷಕ್ಕೂ ಮೀರಿ ಬೆಲೆಯಿದೆ. ಒಂದು ಗ್ರಾಮಿಗೇ ನೂರು ರೂಪಾಯಿ ದಾಟಿತು. ಮಾರುಕಟ್ಟೆಯಲ್ಲಿ ಇನ್ನೂರು ರೂಪಾಯಿಗೆ ಹತ್ತು ಮಿಲಿಲೀಟರ್ ‘ಅಸಲಿ ಗಂಧದ ಅತ್ತರು’ ಎಂದು ಯಾರಾದರೂ ಕೊಟ್ಟರೆ ಅದು ಅಪ್ಪಟ ಗಂಧವಾಗಿರಲು ಸಾಧ್ಯವಿಲ್ಲ. ವಾಸನೆ ಹಿಡಿಸಿದರೆ ಕೊಳ್ಳಿ, ಅಪ್ಪಟ ಗಂಧವೆಂದು ಮಾತ್ರ ನಂಬಬೇಡಿ.

ಇಂದು ಬಾಟಲಿಯ ಮೇಲೆ ಶ್ರೀಗಂಧ ಎಂದಿದ್ದರೆ ಒಳಗೆ ಮೂರರಲ್ಲಿ ಒಂದು ಇರಬಹುದು, ಅಥವಾ ಮೂರೂ ಬೆರೆತಿರಬಹುದು. ನಮ್ಮ ಶ್ರೀಗಂಧದ ಜಾತಿಯನ್ನೇ ಆಸ್ಟ್ರೇಲಿಯಾದ ಕುನುನುರ್ರಾದ ಸುತ್ತ ತೋಟಗಳಲ್ಲಿ ಬೆಳೆಸಿ ತೆಗೆದ ಎಣ್ಣೆ ಒಂದು. ಆಸ್ಟ್ರೇಲಿಯಾದ್ದೇ ಆದ ಇನ್ನೊಂದು ಜಾತಿಯ ಗಂಧದ ಎಣ್ಣೆ ಎರಡನೆಯದು. ಇದರಲ್ಲಿ ಹಾಲು ಕಡಿಮೆ, ಒಣ ಕಟ್ಟಿಗೆ ಹೆಚ್ಚು. ಮೂರನೆಯದು ಪ್ರಯೋಗಾಲಯದ ಜಾವನಾಲ್, ಎಬನಾಲ್‌ನಂಥ ವಸ್ತುಗಳು. ಇವನ್ನು ಕೀಳೆಂದು ತಳ್ಳಬೇಕಾಗಿಲ್ಲ. ಕಾಡು ಉಳಿಯಲು ಇವೂ ಬೇಕು, ಇವುಗಳ ಹರಡುವ ಶಕ್ತಿ ನೈಸರ್ಗಿಕ ಎಣ್ಣೆಗಿಲ್ಲ. ಆದರೆ ಸಾಣೆಕಲ್ಲಿನ ಪಕ್ಕ ಬೆಳೆದ ಮೂಗಿಗೆ ಇವುಗಳಲ್ಲಿ ಆ ಸಣ್ಣ ಹುಳಿ ಕಾಣುವುದಿಲ್ಲ. ಎಲ್ಲವೂ ತೊಳೆದಿಟ್ಟ ಹಾಗೆ ಚೊಕ್ಕ.

ಶ್ರೀಗಂಧದ ಜೊತೆಗೆ ಮಸಾಲೆ ಸೇರಿದರೆ ಹೇಗಿರುತ್ತದೆ ಎಂಬುದಕ್ಕೆ ನಾನು ತೋರಿಸುವ ಮಾದರಿ ಶಾನೆಲ್ ಕಂಪನಿಯ ಎಗೋಯಿಸ್ಟ್. 1990ರಲ್ಲಿ ಜಾಕ್ ಪೋಲ್ಜ್ ಕಟ್ಟಿದ್ದು. ಶುರುವಿನಲ್ಲಿ ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ, ಹಿಂದೆಯೇ ಚಕ್ಕೆ ಮತ್ತು ಗುಲಾಬಿ, ಆಮೇಲೆ ಗಂಟೆಗಟ್ಟಲೆ ವೆನಿಲ್ಲಾ ಬೆರೆತ ಗಂಧ. ಇಲ್ಲಿ ಚಕ್ಕೆ ಹೋದದ್ದೇ ತಿಳಿಯುವುದಿಲ್ಲ, ಏಕೆಂದರೆ ಗಂಧದಲ್ಲಿರುವ ಹಾಲು ಅದನ್ನು ಕರಗಿಸಿಕೊಳ್ಳುತ್ತದೆ. ಪಾಯಸಕ್ಕೆ ಹಾಕಿದ ಲವಂಗದ ಹಾಗೆ. ಬೇರೆಯಾಗಿ ಸಿಗುವುದಿಲ್ಲ, ಇಲ್ಲದಿದ್ದರೆ ಗೊತ್ತಾಗುತ್ತದೆ. ಬೆಚ್ಚಗೆ, ಮಸಾಲೆ, ಮರ ಈ ಮೂರೂ ಒಂದೇ ಬಾಟಲಿಯಲ್ಲಿ ಜಗಳವಿಲ್ಲದೆ ಇರಬೇಕು ಎನ್ನುವವರು ಶ್ರೀಗಂಧದಿಂದಲೇ ಶುರುಮಾಡಬೇಕು.

ದೇವದಾರು, ಸಿಡಾರ್

ಪೆನ್ಸಿಲ್ ಹೆರೆದಾಗ ಬರುವ ವಾಸನೆ ನೆನಪಿದೆಯಲ್ಲ, ಅದು ವರ್ಜೀನಿಯಾ ಸಿಡಾರ್. ಸಸ್ಯಶಾಸ್ತ್ರದ ಪ್ರಕಾರ ಅದು ಸಿಡಾರ್ ಅಲ್ಲವೇ ಅಲ್ಲ, ಜೂನಿಪರ್ ಜಾತಿಗೆ ಸೇರಿದ ಮರ. ನಿಜವಾದ ಸಿಡಾರ್ ಎಂದರೆ ಮೊರಾಕ್ಕೊದ ಅಟ್ಲಾಸ್ ಬೆಟ್ಟಗಳದ್ದು, ನಮ್ಮ ಹಿಮಾಲಯದ ದೇವದಾರು ಮುಂತಾದವು. ಪೆನ್ಸಿಲ್‌ನದ್ದು ಒಣ ಮತ್ತು ನೇರ, ಅಟ್ಲಾಸ್‌ನದ್ದು ತುಸು ಸಿಹಿ, ತುಸು ಪ್ರಾಣಿಯ ಮೈಬಿಸಿ.

ಸಿಡಾರ್ ಮಸಾಲೆಯನ್ನು ಕರಗಿಸಿಕೊಳ್ಳುವುದಿಲ್ಲ, ಎತ್ತಿ ತೋರಿಸುತ್ತದೆ. 1992ರಲ್ಲಿ ಶಿಸೈಡೊ ಹೆಸರಿನಲ್ಲಿ ಬಂದ ‘ಫೆಮಿನಿಟೆ ದ್ಯು ಬ್ವಾ’ ಇದಕ್ಕೆ ದೊಡ್ಡ ನಿದರ್ಶನ. ಸರ್ಜ್ ಲ್ಯೂಟೆನ್ಸ್ ಅವರ ಕಲ್ಪನೆ, ಈಗ ಅವರ ಹೆಸರಿನಲ್ಲೇ ಸಿಗುತ್ತದೆ. ಅಟ್ಲಾಸ್ ಸಿಡಾರ್‌ಗೆ ಚಕ್ಕೆ, ಲವಂಗ, ಏಲಕ್ಕಿ ಸೇರಿಸಿ, ಒಣಗಿಸಿದ ಪ್ಲಮ್ ಹಣ್ಣಿನ ಸಿಹಿಯನ್ನು ನಡುವೆ ಇಟ್ಟಿದ್ದಾರೆ. ಗಂಡಸರದ್ದೆಂದು ಎಲ್ಲರೂ ಒಪ್ಪಿಕೊಂಡಿದ್ದ ಮರವನ್ನು ಹೆಂಗಸರ ಬಾಟಲಿಯ ನಟ್ಟನಡುವೆ ತಂದದ್ದು ಆಗ ಹೊಸ ಮಾತು. ಗಂಧವನ್ನು ಹೆಣ್ಣು ಗಂಡು ಎಂದು ಎಣಿಸದೆ ಹಚ್ಚಿಕೊಂಡು ಬಂದ ನಮಗೆ ಆ ಗಡಿ ಮೊದಲೂ ಇರಲಿಲ್ಲ. ಬಾಟಲಿಯ ಮೇಲೆ ಯಾರಿಗೆಂದು ಬರೆದಿದೆ ಎಂಬುದನ್ನು ನೋಡದೆ ಮೂಸಿ ನೋಡಿ.

ಗಂಧವೋ ಸಿಡಾರೋ ಎಂಬ ಅನುಮಾನ ಇದ್ದವರಿಗೆ ನನ್ನ ಉತ್ತರ ಹೀಗಿದೆ. ಪಕ್ಕದಲ್ಲಿ ಕುಳಿತವರಿಗೆ ಮಾತ್ರ ತಿಳಿಯಲಿ ಎನ್ನುವವರಿಗೆ ಗಂಧ. ಕೋಣೆಗೆ ಬಂದದ್ದು ತಿಳಿಯಲಿ, ಆದರೆ ಸಿಹಿಯಾಗಿ ಅಂಟಿಕೊಳ್ಳದಿರಲಿ ಎನ್ನುವವರಿಗೆ ಸಿಡಾರ್. ಕಚೇರಿಗೆ ದಿನವೂ ಹಾಕುವುದಾದರೆ ಸಿಡಾರ್ ಬೇಗ ಬೇಸರ ತರುವುದಿಲ್ಲ.

ಲಾವಂಚ

ಲಾವಂಚ ಮರವಲ್ಲ, ಹುಲ್ಲಿನ ಬೇರು. ಆದರೂ ಸುಗಂಧ ಲೋಕ ಇದನ್ನು ಮರದ ಸಾಲಿನಲ್ಲೇ ಕೂರಿಸುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಲಾವಂಚದ ಸಣ್ಣ ಕಟ್ಟು ಹಾಕಿಟ್ಟವರಿಗೆ ಇದರ ಗುಣ ಹೇಳಬೇಕಾಗಿಲ್ಲ: ಮಳೆ ಬಿದ್ದ ಮಣ್ಣು, ಒಗರು, ತಂಪು. ಬೆಚ್ಚಗಿರಬೇಕು ಎಂಬ ನಮ್ಮ ಮೊದಲ ಷರತ್ತಿಗೆ ಇದು ಒಗ್ಗುವುದಿಲ್ಲ. ಹಾಗಿದ್ದರೂ ಇಲ್ಲಿ ತಂದದ್ದೇಕೆಂದರೆ, ಕರಾವಳಿಯ ಏಪ್ರಿಲ್ ತಿಂಗಳಲ್ಲಿ ಮಸಾಲೆ ಮತ್ತು ಮರ ಎರಡೂ ಬೇಕು ಎನ್ನುವವರಿಗೆ ಇದೊಂದೇ ದಾರಿ. ಜಾನ್ ಕ್ಲೋಡ್ ಎಲೆನಾ 2006ರಲ್ಲಿ ಹರ್ಮೆಸ್ ಕಂಪನಿಗೆ ಕಟ್ಟಿದ ‘ತೇರ್ ದೆರ್ಮೆಸ್’ನಲ್ಲಿ ಕಿತ್ತಳೆ, ಕಾಳುಮೆಣಸು, ಸಿಡಾರ್, ಲಾವಂಚ ಸೇರಿವೆ. ಮೆಣಸು ಇದ್ದೂ ಅದು ಸುಡುವುದಿಲ್ಲ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಚೆಲ್ಲಿದಂತಿರುತ್ತದೆ.

ಅಗರು ಅಥವಾ ಊದ್

ಅಗರು ಮರಕ್ಕೆ ಗಾಯವಾಗಿ ಶಿಲೀಂಧ್ರ ಹತ್ತಿದಾಗ ಮರ ತನ್ನ ರಕ್ಷಣೆಗೆಂದು ಕಪ್ಪು ಅಂಟನ್ನು ಒಸರುತ್ತದೆ. ಪರಿಮಳ ಇರುವುದು ಆ ಅಂಟು ತುಂಬಿದ ಭಾಗದಲ್ಲಿ ಮಾತ್ರ. ಆರೋಗ್ಯವಾದ ಮರ ಬಿಳಿ, ಹಗುರ, ವಾಸನೆಯಿಲ್ಲದ್ದು. ಅಸ್ಸಾಂ ಇದರ ಹಳೆಯ ಮನೆ, ನಮ್ಮ ಮಲೆನಾಡಿನಲ್ಲೂ ಈಗ ಅಗರು ನೆಟ್ಟವರಿದ್ದಾರೆ. ಅಪ್ಪಟ ಎಣ್ಣೆಯಲ್ಲಿ ಚರ್ಮ, ಕೊಟ್ಟಿಗೆ, ಹೊಗೆ, ಜೇನು ಎಲ್ಲವೂ ಇವೆ. ಮೊದಲ ಸಲ ಮೂಸಿದವರು ಮುಖ ಹಿಂದಕ್ಕೆ ಎಳೆದುಕೊಂಡರೆ ಆಶ್ಚರ್ಯವಿಲ್ಲ.

ಟಾಮ್ ಫೋರ್ಡ್ ಹೆಸರಿನಲ್ಲಿ 2007ರಲ್ಲಿ ಬಂದ ‘ಊದ್ ವುಡ್’ನಲ್ಲಿ ಏಲಕ್ಕಿ ಮತ್ತು ಗಂಧ ಸೇರಿ ಕೊಟ್ಟಿಗೆಯ ಭಾಗವನ್ನೆಲ್ಲ ಒರೆಸಿ ಹಾಕಿವೆ, ಹಾಗಾಗಿ ಅಗರಿಗೆ ಹೊಸಬರಾದವರಿಗೆ ಅದು ಸುಲಭ. ಅಪ್ಪಟದ್ದನ್ನು ಬಯಸುವವರು ಅದರಿಂದ ನಿರಾಶರಾಗುತ್ತಾರೆ. ನನಗೆ ಅಗರು ಧೂಪದಲ್ಲೇ ಹೆಚ್ಚು ಇಷ್ಟ, ಮೈಮೇಲೆ ಅಲ್ಲ. ಅದರ ಬಗ್ಗೆ ಹೆಚ್ಚು ಹೇಳುವ ಅಧಿಕಾರ ಅದನ್ನು ದಿನವೂ ಹಚ್ಚುವವರಿಗೆ ಬಿಡುತ್ತೇನೆ.

ಶಮಾಮಾ

ವಿದೇಶದ ಬಾಟಲಿಗಳ ನಡುವೆ ನಾವು ಮರೆಯುವುದು ಉತ್ತರ ಪ್ರದೇಶದ ಕನೌಜಿನ ಶಮಾಮಾ ಅತ್ತರನ್ನು. ಬೆಚ್ಚನೆ, ಮಸಾಲೆ, ಮರ ಎಂಬ ಮೂರು ಮಾತಿಗೆ ಇಷ್ಟು ಸರಿಯಾಗಿ ಹೊಂದುವುದು ಇನ್ನೊಂದಿಲ್ಲ. ತಾಮ್ರದ ಹಂಡೆಯಲ್ಲಿ ಮಸಾಲೆ, ಬೇರು, ಕಲ್ಲುಹೂವು, ಜಟಾಮಾಂಸಿ, ಜಾಯಿಕಾಯಿ, ಜಾಪತ್ರೆ, ಲವಂಗ ಇತ್ಯಾದಿಗಳನ್ನು ನೀರಿನೊಂದಿಗೆ ಹಾಕಿ, ಬಾಯಿಯನ್ನು ಮಣ್ಣಿನಿಂದ ಮೆತ್ತಿ, ಕಟ್ಟಿಗೆ ಮತ್ತು ಬೆರಣಿಯ ಉರಿಯಲ್ಲಿ ಬೇಯಿಸುತ್ತಾರೆ. ಹಬೆ ಬಿದಿರಿನ ಕೊಳವೆಯ ಮೂಲಕ ನೀರಿನ ತೊಟ್ಟಿಯಲ್ಲಿ ಕುಳಿತ ಇನ್ನೊಂದು ತಾಮ್ರದ ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಕಾದಿರುವುದು ಶ್ರೀಗಂಧದ ಎಣ್ಣೆ. ಅಂದರೆ ಮಸಾಲೆಯನ್ನು ಹಿಡಿದಿಡುವ ಕೆಲಸ ಮರದ್ದು ಎಂಬುದನ್ನು ಕನೌಜಿನವರು ತಮ್ಮ ವಿಧಾನದಲ್ಲೇ ಕಟ್ಟಿಟ್ಟಿದ್ದಾರೆ.

ಗಂಧದ ಎಣ್ಣೆ ದುಬಾರಿಯಾದ ಮೇಲೆ ಆ ಜಾಗಕ್ಕೆ ದ್ರವ ಪ್ಯಾರಾಫಿನ್ ಬಂದದ್ದೂ ಉಂಟು. ಮಾರುವವರನ್ನು ನೇರವಾಗಿ ಕೇಳಿ: ತಳದಲ್ಲಿ ಗಂಧದ ಎಣ್ಣೆಯೋ, ಬೇರೆಯೋ? ಒಳ್ಳೆಯ ಅಂಗಡಿಯವರು ಎರಡನ್ನೂ ಎರಡು ಬೆಲೆಗೆ ಇಟ್ಟಿರುತ್ತಾರೆ, ಮುಚ್ಚುಮರೆ ಮಾಡುವುದಿಲ್ಲ. ಬೆಂಗಳೂರಿನ ಶಿವಾಜಿನಗರದ ಕಡೆ ಅತ್ತರು ಮಾರುವವರು, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಸುಗಂಧ ತೈಲ ಮಾರುವವರು ಇದ್ದಾರೆ. ಬಿಡುವಾಗಿರುವ ಹೊತ್ತಿನಲ್ಲಿ ಹೋಗಿ ನಿಂತು ಕೇಳಿದರೆ ಒಂದೊಂದೇ ತೆಗೆದು ತೋರಿಸುತ್ತಾರೆ.

ಶಮಾಮಾದಲ್ಲಿ ಮದ್ಯಸಾರ ಇಲ್ಲವಾದ್ದರಿಂದ ಅದು ಮೊದಲ ಕ್ಷಣದಲ್ಲಿ ಹಾರಿ ಬರುವುದಿಲ್ಲ. ಮಣಿಕಟ್ಟಿಗೆ ಒಂದು ಗೆರೆ ಎಳೆದರೆ ಮೈಯ ಬಿಸಿಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಗೆರೆ ಸಾಕು. ಮಳೆಗಾಲದ ಮಡಿಕೇರಿಗೆ, ಡಿಸೆಂಬರಿನ ಬೀದರಿಗೆ, ಚಳಿ ದೇಶಗಳಲ್ಲಿರುವ ನಮ್ಮವರ ಉಣ್ಣೆಯ ಕೋಟಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ಆದರೆ ಮೇ ತಿಂಗಳ ಕಲ್ಯಾಣ ಮಂಟಪದಲ್ಲಿ ಇದು ಹಚ್ಚಿದವರಿಗೂ ಪಕ್ಕದವರಿಗೂ ಉಸಿರುಕಟ್ಟಿಸುತ್ತದೆ.

ಊರು, ಬಟ್ಟೆ, ಚರ್ಮ

ಬಿಸಿ ಮತ್ತು ತೇವ ಎರಡೂ ವಾಸನೆಯನ್ನು ಹಿಗ್ಗಿಸುತ್ತವೆ. ಬೆಂಗಳೂರಿನ ಜನವರಿಯಲ್ಲಿ ನಾಲ್ಕು ಸಲ ಸಿಂಪಡಿಸಿದ್ದು ಹಿತವಾಗಿದ್ದರೆ ಮಂಗಳೂರಿನಲ್ಲಿ ಒಂದು ಸಲಕ್ಕೇ ಅಷ್ಟಾಗುತ್ತದೆ. ಕಲಬುರಗಿಯ ಒಣ ಬಿಸಿಲಿನಲ್ಲಿ ಮಸಾಲೆ ಬೇಗ ಹಾರುತ್ತದೆ, ಅಲ್ಲಿಗೆ ಎಣ್ಣೆಯ ರೂಪದ ಗಂಧ ಹೆಚ್ಚು ಬಾಳುತ್ತದೆ.

ವೆನಿಲ್ಲಾ ಹೆಚ್ಚಿರುವ ಬಾಟಲಿಯ ದ್ರವ ಕಾಲ ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಬಿಳಿ ಪಂಚೆಗೆ, ತಿಳಿಬಣ್ಣದ ಅಂಗಿಗೆ ಅದನ್ನು ಹೊಡೆಯಬೇಡಿ. ರೇಷ್ಮೆ ಸೀರೆಯ ಮೇಲೆ ಸಿಂಪಡಿಸುವುದಂತೂ ಬೇಡವೇ ಬೇಡ. ಎಣ್ಣೆಯ ಕಲೆ ಜರಿಯ ಪಕ್ಕ ಕುಳಿತರೆ ಹೋಗುವುದಿಲ್ಲ. ಸೀರೆ ಉಡುವ ಮೊದಲೇ ಕತ್ತಿನ ಹಿಂಭಾಗಕ್ಕೆ, ಮೊಣಕೈ ಮಡಿಕೆಗೆ ಹಚ್ಚಿ ಒಣಗಲು ಬಿಡಿ.

ಚಕ್ಕೆ ಮತ್ತು ಲವಂಗದ ಸಾರಗಳು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೆಂಪಗಾಗಿ ತುರಿಸುತ್ತದೆ. ಪೆಟ್ಟಿಗೆಯ ಹಿಂದೆ ಸಣ್ಣ ಅಕ್ಷರದಲ್ಲಿ ಸಿನಮಾಲ್, ಯೂಜೆನಾಲ್ ಎಂಬ ಹೆಸರುಗಳಿವೆಯೇ ನೋಡಿ. ಯುರೋಪಿನ ನಿಯಮದಂತೆ ಇವು ಒಂದು ಮಿತಿ ದಾಟಿದರೆ ಪಟ್ಟಿಯಲ್ಲಿ ಬರೆಯಲೇಬೇಕು. ಸೂಕ್ಷ್ಮ ಚರ್ಮದವರು ಮೊಣಕೈಯ ಒಳಬದಿಗೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾದು ನೋಡಬೇಕು. ಅಪ್ಪಟ ಲವಂಗದೆಣ್ಣೆ, ಚಕ್ಕೆಯೆಣ್ಣೆಯನ್ನು ನೇರವಾಗಿ ಮೈಗೆ ಹಚ್ಚಿಕೊಳ್ಳುವ ಸಾಹಸ ಯಾರೂ ಮಾಡಬಾರದು.

ಅಂಗಡಿಯಲ್ಲಿ ಮಾಡಬೇಕಾದ ಕೆಲಸ

ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಮೂಸಬೇಡಿ. ಮೂಗು ದಣಿಯುತ್ತದೆ, ನಾಲ್ಕನೆಯದು ಎಷ್ಟು ಒಳ್ಳೆಯದಾದರೂ ಅದಕ್ಕೆ ನ್ಯಾಯ ಸಿಗುವುದಿಲ್ಲ. ಪಟ್ಟಿಗಳ ಮೇಲೆ ಹೆಸರು ಮತ್ತು ಹೊತ್ತು ಬರೆದುಕೊಳ್ಳಿ. ಅತಿ ಇಷ್ಟವಾದ ಒಂದನ್ನು ಮಾತ್ರ ಮಣಿಕಟ್ಟಿಗೆ ಹಾಕಿಸಿಕೊಳ್ಳಿ, ಉಜ್ಜಬೇಡಿ, ಹೊರಗೆ ಬನ್ನಿ. ಕಾಫಿ ಕುಡಿಯಿರಿ, ಬಸ್ಸು ಹತ್ತಿ, ಕೆಲಸ ನೋಡಿಕೊಳ್ಳಿ. ಅರ್ಧ ಗಂಟೆಯ ಬಳಿಕ ಒಮ್ಮೆ, ಎರಡು ಗಂಟೆಯ ಬಳಿಕ ಒಮ್ಮೆ, ರಾತ್ರಿ ಊಟಕ್ಕೆ ಮುಂಚೆ ಒಮ್ಮೆ ಮಣಿಕಟ್ಟನ್ನು ಮೂಸಿ. ಊಟದ ಮುಂಚಿನ ಆ ಕೊನೆಯ ವಾಸನೆ ಹಿಡಿಸಿತೇ ಎಂಬುದೇ ನಿಮ್ಮ ಉತ್ತರ.

ಇನ್ನೊಂದು ಮಾತು. ಕೆಲವರ ಮೂಗಿಗೆ ಕೆಲವು ವಸ್ತುಗಳು ತಿಳಿಯುವುದೇ ಇಲ್ಲ. ಇಂದಿನ ಮರದ ಸುಗಂಧಗಳಲ್ಲಿ ಧಾರಾಳವಾಗಿ ಬಳಸುವ ಐಸೊ ಇ ಸೂಪರ್ ಎಂಬ ವಸ್ತು ಅಂಥದ್ದು; ಒಬ್ಬರಿಗೆ ಸಿಡಾರ್ ಹಾಗೆ ಘಮಘಮ, ಇನ್ನೊಬ್ಬರಿಗೆ ಏನೂ ಇಲ್ಲ. ‘ಎರಡು ಗಂಟೆಯಲ್ಲಿ ಹಾರಿಹೋಯಿತು’ ಎಂದು ತೀರ್ಪು ಕೊಡುವ ಮುನ್ನ ಮನೆಯಲ್ಲಿ ಇನ್ನೊಬ್ಬರಿಗೆ ಕೈ ಚಾಚಿ ಕೇಳಿ. ನಾನು ಹೀಗೆ ಬೇಡವೆಂದು ಬದಿಗಿಟ್ಟಿದ್ದ ಒಂದು ಸಿಡಾರ್ ಬಾಟಲಿಯನ್ನು ಅಮ್ಮ ಮೂಸಿ, ಮಧ್ಯಾಹ್ನದಿಂದ ಸಂಜೆಯವರೆಗೂ ಅದರ ಘಮ ಕೋಣೆಯಲ್ಲೇ ಇತ್ತೆಂದರು. ಈಗ ಅದು ಅವರ ಬೀರುವಿನಲ್ಲಿದೆ, ಹಬ್ಬದ ಸೀರೆಗಳ ಕೆಳಗಿನ ಅರೆಯಲ್ಲಿ.